ಪಹಣಿಯಲ್ಲಿ ಇಲ್ಲದ ಬೂದಿ ದಿಬ್ಬ

ಬೂದಿ ದಿಬ್ಬವನ್ನು ಮೊದಲ ಸಲ ನೋಡಿದವರು ಕೇಳುವುದು ಒಂದೇ ಮಾತು: ಇದರಲ್ಲಿ ಕಾಯೋದು ಏನಿದೆ? ಗೋಪುರ ಇಲ್ಲ, ಶಾಸನ ಇಲ್ಲ, ಕೈಮುಗಿಯೋಕೆ ಒಂದು ಕಲ್ಲೂ ಇಲ್ಲ. ಹೊಲದ ಮಧ್ಯೆ ಬೂದು ಬಣ್ಣದ ಒಂದು ಗುಡ್ಡೆ, ಅದರ ಮೇಲೆ ಜಾಲಿ ಕಂಟಿ, ಅಷ್ಟೇ. ಇಂಥ ಒಂದು ಗುಡ್ಡೆಯನ್ನು ಉಳಿಸಲು ಹೋಗಿ ನಾನು ಎಲ್ಲಿ ಎಡವಿದೆ, ಎಲ್ಲಿ ದಾರಿ ಸಿಕ್ಕಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸರ್ಕಾರದ ಪುರಾತತ್ವ ಕೆಲಸಕ್ಕೆ ಈಗಷ್ಟೇ ಸೇರಿದವರಿಗೆ, ಮೂರು ತಾಲೂಕಿನ ಜಾಗಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನೋದು ನನ್ನ ಆಸೆ. ಊರು, ತಾಲೂಕು, ಜನರ ಹೆಸರು ಯಾವುದನ್ನೂ ಬರೆದಿಲ್ಲ. ಸರ್ವೆ ನಂಬರುಗಳನ್ನೂ ‘ಕ’ ಮತ್ತು ‘ಗ’ ಅಂತ ಮಾತ್ರ ಕರೆದಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಒಂದು ಊರು ಅಂದುಕೊಳ್ಳಿ, ಸಾಕು.

ದಿಬ್ಬದ ಬಗ್ಗೆ ಸ್ವಲ್ಪ

ಆ ಭಾಗದಲ್ಲಿ ಬೂದಿ ದಿಬ್ಬಗಳು ಹೊಸದಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡುತಿನಿಯದ್ದಿದೆ, ಬಳ್ಳಾರಿ ಪಕ್ಕದಲ್ಲೇ ಕುಪ್ಗಲ್ ಮತ್ತು ಸಂಗನಕಲ್ಲು ಇವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ಇವತ್ತಿಗೂ ವಾಲಿಯನ್ನು ಸುಟ್ಟ ಜಾಗ ಅಂತ ತೋರಿಸುತ್ತಾರೆ. ಸುಟ್ಟ ಬೂದಿ ಅಷ್ಟು ರಾಶಿ ಬಿದ್ದಿರೋದನ್ನು ಕಂಡು ನಮ್ಮ ಹಿರಿಯರಿಗೆ ವಾಲಿ, ರಾಕ್ಷಸರ ನೆನಪಾಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳ ಹತ್ತಿರ ಕಲ್ಲಿನ ಕೊಡಲಿ, ಮಡಕೆ ಚೂರು ಸಿಗುವುದನ್ನು ನೋಡಿ ಇವು ನವಶಿಲಾಯುಗದವು ಅಂದರು. 1960ರಲ್ಲಿ ಜಾಯ್ನರ್ ಎಂಬ ವಿದ್ವಾಂಸರು ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಇದು ದನದ ಸಗಣಿ ಸುಟ್ಟದ್ದು ಅಂತ ತೋರಿಸಿಕೊಟ್ಟರು. ಅಂದರೆ ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಟ್ಟಿ ಬದುಕಿದವರ ದೊಡ್ಡಿಗಳು, ತಿಪ್ಪೆಗಳು ಇವು. ಸಗಣಿ ರಾಶಿ ಬಿದ್ದಿದೆ, ಅದಕ್ಕೆ ಬೆಂಕಿ ಇಟ್ಟಿದ್ದಾರೆ, ಮತ್ತೆ ರಾಶಿ ಬಿದ್ದಿದೆ, ಮತ್ತೆ ಬೆಂಕಿ. ಕೆಲವು ಕಡೆ ಬಿಸಿ ಎಷ್ಟು ಜಾಸ್ತಿ ಆಗಿದೆ ಅಂದರೆ ಬೂದಿ ಕರಗಿ ಕಮ್ಮಾರರ ಕುಲುಮೆಯ ಕಿಟ್ಟದ ಹಾಗೆ ಗಟ್ಟಿ ಹೆಂಟೆಯಾಗಿದೆ.

1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅವರಿಗೆ ಬೂದಿಯ ಪದರಗಳ ಮಧ್ಯೆ ದನದ ಗೊರಸಿನ ಗುರುತು, ಸುತ್ತ ಬೇಲಿಗೆ ನೆಟ್ಟ ಕಂಬಗಳ ಕುಳಿ ಸಿಕ್ಕವು. ಆಮೇಲೆ ಸುರಪುರ ಕಡೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯ ಅವರು ವರ್ಷಗಟ್ಟಲೆ ಅಗೆದು, ದಿಬ್ಬದ ಪಕ್ಕದಲ್ಲೇ ಜನ ವಾಸ ಇದ್ದ ಜಾಗ, ಪ್ರಾಣಿ ಕಡಿಯುತ್ತಿದ್ದ ನೆಲ, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಎಲ್ಲವನ್ನೂ ಗುರುತಿಸಿದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಬೂದಿ ದಿಬ್ಬದ ಬೆಲೆ ಇರುವುದು ಅದರ ಪದರಗಳಲ್ಲಿ. ಮೂರ್ತಿ ಕದ್ದರೆ ಎಂದಾದರೂ ವಾಪಸ್ ತಂದು ಇಡಬಹುದು. ಪದರ ಕಲೆಸಿಹೋದರೆ ಉಳಿಯೋದು ಬರೀ ಬೂದಿ.

ಆದರೆ ಅದೇ ಬೂದಿ ರೈತನಿಗೆ ಗೊಬ್ಬರ. ತಲೆಮಾರುಗಳಿಂದ ಬಂಡಿಯಲ್ಲಿ ತುಂಬಿಕೊಂಡು ಹೋಗಿ ಹೊಲಕ್ಕೆ ಹಾಕಿದ್ದಾರೆ. ನಾನು ಹೇಳುವ ದಿಬ್ಬ ನನ್ನ ಕೈಗೆ ಬರುವ ಹೊತ್ತಿಗೇ ಮೂರರಲ್ಲಿ ಒಂದು ಪಾಲು ಹೋಗಿತ್ತು. ಕಡತದಲ್ಲಿ, ಇದು ಸಂರಕ್ಷಿತ ಜಾಗ ಅಂತ ಸರ್ಕಾರ ಹೊರಡಿಸಿದ ಹಳೆಯ ಘೋಷಣೆಯ ಪ್ರತಿ ಇತ್ತು, ಅದರಲ್ಲಿ ಸರ್ವೆ ನಂಬರ್ ‘ಕ’ ಅಂತ ಬರೆದಿತ್ತು, ರಸ್ತೆ ಬದಿ ಒಂದು ನೀಲಿ ಬೋರ್ಡು ಇತ್ತು. ಗಡಿಕಲ್ಲು ಒಂದೂ ಇರಲಿಲ್ಲ. ಕಾವಲುಗಾರ ಒಬ್ಬರೇ, ಅವರ ಮೇಲೆ ಇನ್ನೆರಡು ಊರಿನ ಜಾಗಗಳ ಹೊಣೆಯೂ ಇತ್ತು.

ಜೆಸಿಬಿ ಬಂದ ದಿನ

ಬೇಸಿಗೆ. ಮುಂಗಾರಿಗೆ ಮೊದಲು ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ. ಕಾವಲುಗಾರರು ಫೋನ್ ಮಾಡಿ, ದಿಬ್ಬದ ಉತ್ತರಕ್ಕೆ ಜೆಸಿಬಿ ಹಚ್ಚಿದ್ದಾರೆ, ಆರು ಟ್ರ್ಯಾಕ್ಟರ್ ಓಡಾಡುತ್ತಿವೆ ಅಂದರು. ನಾನು ತಲುಪುವಾಗ ಮಧ್ಯಾಹ್ನ ಆಗಿತ್ತು. ಎರಡಾಳು ಎತ್ತರದ ಹೊಸ ಕಡಿತ. ಬಿಳಿ, ಬೂದು, ಕಪ್ಪು, ಮತ್ತೆ ಬಿಳಿ, ಪದರ ಪದರವಾಗಿ ಕೇಕಿನಂತೆ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಕಂಡಿದ್ದೇ ಹೊಟ್ಟೆ ಉರಿಸಿತು, ಯಾಕೆಂದರೆ ಹಾಗೆ ಕಾಣಬೇಕಾದರೆ ಎದುರಿಗಿದ್ದದ್ದು ಅಷ್ಟೂ ಹೋಗಿರಬೇಕು.

ಅವತ್ತು ನಾನು ತೆಗೆದುಕೊಂಡ ಮೊದಲ ನಿರ್ಧಾರವೇ ತಪ್ಪು. ಸಿಟ್ಟು ಬಂದಿತ್ತು, ಸಂಜೆಯೊಳಗೆ ಏನಾದರೂ ಮಾಡಬೇಕು ಅನ್ನೋ ಆತುರ ಇತ್ತು. ಕಡತದಲ್ಲಿದ್ದ ಸರ್ವೆ ನಂಬರನ್ನೇ ಬರೆದು, ಹೊಲದ ಯಜಮಾನರ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆ. ಪ್ರಾಚೀನ ಸ್ಮಾರಕಗಳನ್ನು ಕಾಯುವ 1958ರ ಕಾಯ್ದೆ, ಅದರ 2010ರ ತಿದ್ದುಪಡಿ, 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಎಲ್ಲ ಬರೆದೆ. ಒಂದು ಟ್ರ್ಯಾಕ್ಟರ್ ಠಾಣೆಗೆ ಹೋಯಿತು. ಜೆಸಿಬಿ ಅಷ್ಟರಲ್ಲಿ ಜಾಗ ಖಾಲಿ ಮಾಡಿತ್ತು. ಜೆಸಿಬಿ ಯಾರದು, ಬೂದಿ ಎಲ್ಲಿಗೆ ಹೋಗುತ್ತಿದೆ ಅಂತ ನಾನು ಒಬ್ಬರನ್ನೂ ಕೇಳಲಿಲ್ಲ.

ಯಜಮಾನರು ಠಾಣೆಯ ಜಗಲಿಯಲ್ಲಿ ನನ್ನನ್ನು ಕೇಳಿದ್ದು ಇನ್ನೂ ನೆನಪಿದೆ. “ನಮ್ಮ ಹೊಲ್ದಾಗಿನ ಬೂದಿ ನಾವು ತಗೊಂಡ್ರೆ ಅದು ಹೆಂಗ ಕಳ್ಳತನ ಆಗ್ತೈತೆ ಮೇಡಂ? ನಮ್ಮಪ್ಪನೂ ತಗಂಡಾನ, ಅವರಪ್ಪನೂ ತಗಂಡಾನ.” ನಾನು ಕಾಯ್ದೆ ಹೇಳಿದೆ. ಅವರು ಜೇಬಿನಿಂದ ಪಹಣಿ ತೆಗೆದು ತೋರಿಸಿದರು. ಅದರಲ್ಲಿ ಇದ್ದದ್ದು ‘ಗ’, ನನ್ನ ದೂರಿನಲ್ಲಿ ಇದ್ದದ್ದು ‘ಕ’.

ಎರಡು ದಿನದ ಮೇಲೆ ಪಿಎಸ್‌ಐ ಕರೆದು ನೇರವಾಗಿ ಹೇಳಿದರು. “ಗಡಿ ತೋರಿಸ್ರಿ ಮೇಡಂ, ಆಮೇಲೆ ಮುಂದಿಂದು ನೋಡೋಣ.” ನಾನು 100 ಮೀಟರ್ ನಿಷೇಧಿತ ಪ್ರದೇಶದ ಮಾತು ಎತ್ತಿದೆ. ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ, ಇದು ನಮಗೆಲ್ಲ ಬಾಯಿಪಾಠ. ಆದರೆ 100 ಮೀಟರನ್ನು ಎಲ್ಲಿಂದ ಅಳೆಯೋದು? ಟೇಪು ಹಿಡಿದು ನಿಲ್ಲಲು ಒಂದು ಕಲ್ಲೂ ಇಲ್ಲದ ಕಡೆ 100 ಮೀಟರ್ ಅನ್ನೋದು ಬರೀ ಮಾತು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ಬಿಟ್ಟರು. ಅದು ಸಾಲದ ಮೇಲೆ ತಂದ ಗಾಡಿ, ಬಾಡಿಗೆ ಹೊಡೆಯುವ ಸುಗ್ಗಿಯಲ್ಲಿ ಹನ್ನೊಂದು ದಿನ ಠಾಣೆಯಲ್ಲಿ ನಿಂತಿತ್ತು.

ಊರು ತಿರುಗಿಬಿತ್ತು. ಕಾವಲುಗಾರರಿಗೆ ಹೋಟೆಲ್ಲಿನಲ್ಲಿ ಚಹಾ ಕೊಡುವುದನ್ನು ನಿಲ್ಲಿಸಿದರು. ನೀಲಿ ಬೋರ್ಡು ಒಂದು ಬೆಳಗ್ಗೆ ಹಳ್ಳದಲ್ಲಿ ಬಿದ್ದಿತ್ತು. ಅಗೆಯೋದು ನಿಲ್ಲಲಿಲ್ಲ, ರಾತ್ರಿಗೆ ಹೋಯಿತು. ಮುಂಚೆ ಹಗಲು ನಡೆಯುತ್ತಿದ್ದದ್ದು ಕಣ್ಣಿಗಾದರೂ ಕಾಣುತ್ತಿತ್ತು. ನನ್ನ ದೂರಿನಿಂದ ದಿಬ್ಬಕ್ಕೆ ಸಿಕ್ಕ ಫಲ ಇದು.

ಅಳತೆ

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಘೋಷಣೆಯ ಪ್ರತಿ ಹಿಡಿದು ತಾಲೂಕು ಕಚೇರಿಗೆ, ಅಲ್ಲಿಂದ ಭೂದಾಖಲೆಗಳ ಕಚೇರಿಗೆ ಹೋಗಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಕೊಡಲು, ಅರ್ಜಿ ಹಾಕಿದೆ. ಹಳೆಯ ಟಿಪ್ಪಣಿ (ಹೊಲದ ಮೂಲ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕಾಶೆ ಎಲ್ಲದರ ನಕಲು ತೆಗೆಸಿದೆ. ಪುರಾತತ್ವ ಓದಿದ ನಮಗೆ ಈ ಕಾಗದಗಳ ಭಾಷೆ ಬರುವುದಿಲ್ಲ, ತರಗತಿಯಲ್ಲಿ ಯಾರೂ ಕಲಿಸುವುದಿಲ್ಲ. ನನಗೆ ಕಲಿಸಿದವರು ನಿವೃತ್ತಿ ಹತ್ತಿರ ಇದ್ದ ಒಬ್ಬ ಸರ್ವೆಯರ್. ಟಿಪ್ಪಣಿ ಅಂದರೆ ಹೊಲದ ಜಾತಕ ಮೇಡಂ, ಪಹಣಿ ಅಂದರೆ ಇವತ್ತಿನ ದಿನಭವಿಷ್ಯ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಅವರು ಹೇಳುತ್ತಿದ್ದರು. ನಮ್ಮ ಕೆಲಸದಲ್ಲಿ ಇರುವವರು ಇಂಥ ಒಬ್ಬರನ್ನು ಹುಡುಕಿಕೊಂಡು, ಪಕ್ಕದಲ್ಲಿ ಕೂತು ಕಲಿಯಬೇಕು ಅಂತ ನನಗೆ ಬಲವಾಗಿ ಅನಿಸಿದೆ.

ಅಳತೆಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹೊಲದಲ್ಲಿ ಬೆಳೆ ನಿಂತಿತ್ತು, ಕೊಯ್ಲಿನ ತನಕ ಸರಪಳಿ ಎಳೆಯುವ ಹಾಗಿರಲಿಲ್ಲ. ಅಕ್ಕಪಕ್ಕದ ಹೊಲದವರಿಗೆಲ್ಲ ನೋಟಿಸು ಕೊಟ್ಟು, ಅವರ ಎದುರಿಗೇ ಅಳೆದೆವು. ಸಿಕ್ಕ ಚಿತ್ರ ನಾನು ಅಂದುಕೊಂಡಂತೆ ಇರಲಿಲ್ಲ.

ದಿಬ್ಬ ಎರಡು ನಂಬರಿನಲ್ಲಿ ಕೂತಿತ್ತು. ಜಾಸ್ತಿ ಭಾಗ ‘ಕ’ದಲ್ಲಿ, ಅದು ಸರ್ಕಾರಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸರ್ಕಾರಿ ನೆಲ. ಉಳಿದದ್ದು ‘ಗ’ದಲ್ಲಿ, ಅದು ಯಜಮಾನರ ಪಟ್ಟಾ ಜಮೀನು. ಹಳೆಯ ಘೋಷಣೆಯಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯುವಾಗ ಉತ್ತರಕ್ಕೆ ಬಂಡಿದಾರಿ ಅಂತ ಹಾಕಿದ್ದರು. ಆ ಬಂಡಿದಾರಿ ಆಮೇಲೆ ಎಂದೋ ಬೇರೆ ಕಡೆ ಸರಿದು ಡಾಂಬರು ರಸ್ತೆಯಾಗಿತ್ತು. ಇವತ್ತಿನ ರಸ್ತೆಯನ್ನೇ ಗಡಿ ಅಂದುಕೊಂಡು ನಾವೆಲ್ಲ ಇಡೀ ದಿಬ್ಬ ನಮ್ಮದು ಅಂತ ನಂಬಿದ್ದೆವು. ಯಜಮಾನರು ಅಗೆಸಿದ್ದು ಅವರದೇ ನಂಬರಿನಲ್ಲಿ. ಸಂರಕ್ಷಿತ ಗಡಿಗೆ ತಾಗಿಕೊಂಡಿದ್ದರಿಂದ ನಿಷೇಧಿತ ಪ್ರದೇಶದೊಳಗೆ ಬರುತ್ತದೆ ನಿಜ, ಆದರೆ ನಾನು ಬರೆದ ದೂರಿನಂತೆ ಅವರು ಸಂರಕ್ಷಿತ ಜಾಗಕ್ಕೆ ಕೈ ಹಾಕಿರಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಪಹಣಿಯಲ್ಲಿತ್ತು. ‘ಕ’ ನಂಬರಿನ 11ನೇ ಕಾಲಂ ಖಾಲಿ. ಅದು ಹಕ್ಕು ಮತ್ತು ಋಣಗಳನ್ನು ಬರೆಯುವ ಕಾಲಂ. ಸಂರಕ್ಷಿತ ಜಾಗ ಅಂತ ಅಲ್ಲಿ ಒಂದು ಅಕ್ಷರ ಇಲ್ಲ. ಕಂದಾಯ ಇಲಾಖೆಯ ಕಣ್ಣಿಗೆ ಅದು ಬರೀ ಸರ್ಕಾರಿ ಜಮೀನು. ಹೀಗಿದ್ದ ಮೇಲೆ ಏನಾಗಬೇಕೋ ಅದೇ ಆಗುತ್ತಿತ್ತು. ದಿಬ್ಬದ ದಕ್ಷಿಣದ ಅಂಚಿನಲ್ಲಿ ಬಹಳ ವರ್ಷದಿಂದ ಸಜ್ಜೆ ಬಿತ್ತುತ್ತಿದ್ದ ಒಂದು ಕುಟುಂಬ ಬಗರ್ ಹುಕುಂ ಸಕ್ರಮಕ್ಕೆ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ನಮೂನೆ 57ರಲ್ಲಿ ಅರ್ಜಿ ಹಾಕಿತ್ತು. ಅರ್ಜಿ ಸಮಿತಿಯ ಮುಂದೆ ಹೋಗಲು ಸಿದ್ಧವಾಗಿ ಕೂತಿತ್ತು. ಮಂಜೂರಾಗಿದ್ದರೆ ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಜೆಸಿಬಿ ಒಂದು ದಿನಕ್ಕೆ ಹತ್ತು ಅಡಿ ತಿನ್ನುತ್ತದೆ. ಈ ಕಾಗದ ಒಂದು ಸಹಿಯಲ್ಲಿ ದಿಬ್ಬದ ಅಂಚನ್ನೇ ಕೊಟ್ಟುಬಿಡುತ್ತಿತ್ತು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಷ್ಟು ದಿನ ರಾತ್ರಿ ಟ್ರ್ಯಾಕ್ಟರ್ ಸದ್ದಿಗೆ ಕಿವಿ ಕೊಟ್ಟು ಕೂತಿದ್ದ ನನಗೆ, ನಿಜವಾದ ಕಾವಲು ಎಲ್ಲಿ ಬೇಕಿತ್ತು ಅಂತ ಅವತ್ತು ಗೊತ್ತಾಯಿತು.

ಆ ಕುಟುಂಬದ ವಿಷಯದಲ್ಲಿ ನನಗೆ ಇನ್ನೂ ಸಮಾಧಾನ ಇಲ್ಲ. ನಾನು ಘೋಷಣೆಯ ಪ್ರತಿ, ಅಳತೆಯ ನಕ್ಷೆ ಎರಡನ್ನೂ ಸೇರಿಸಿ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಟ್ಟೆ. ಅರ್ಜಿ ತಿರಸ್ಕೃತವಾಯಿತು. ಅವರಿಗೆ ಬೇರೆ ಜಮೀನಿಲ್ಲ. ಗಡಿಕಲ್ಲು ನೆಡುವಾಗ ಮನೆಯ ಇಬ್ಬರಿಗೆ ಕೆಲವು ವಾರ ಕೂಲಿ ಕೆಲಸ ಸಿಕ್ಕಿತು, ಆದರೆ ಕೂಲಿ ಜಮೀನಿಗೆ ಸಮ ಆಗುತ್ತದಾ? ಆಗುವುದಿಲ್ಲ. ಘೋಷಣೆಯಾದ ದಿನವೇ ಪಹಣಿಯಲ್ಲಿ ಆ ಒಂದು ಸಾಲು ಬಿದ್ದಿದ್ದರೆ ಅವರು ವರ್ಷಗಟ್ಟಲೆ ಆಸೆ ಇಟ್ಟುಕೊಂಡು ಆ ನೆಲ ಹದ ಮಾಡುತ್ತಿರಲಿಲ್ಲ.

ಯಜಮಾನರ ಮನೆ

ಅಳತೆ ಮುಗಿದ ಮೇಲೆ ಜೀಪು ಬಿಟ್ಟು, ಕಾವಲುಗಾರರ ಬೈಕಿನ ಹಿಂದೆ ಕೂತು ಯಜಮಾನರ ಮನೆಗೆ ಹೋದೆ. ನನ್ನ ದೂರಿನಲ್ಲಿ ನಂಬರು ತಪ್ಪಾಗಿತ್ತು, ನಿಮಗೆ ತೊಂದರೆ ಆಯಿತು ಅಂತ ಅವರ ಎದುರಿಗೆ ಹೇಳಿದೆ. ಸರ್ಕಾರಿ ಕೆಲಸದಲ್ಲಿ ಇರುವವರು ಹೀಗೆ ಹೇಳಬಾರದು, ಮುಂದೆ ಕೋರ್ಟಿನಲ್ಲಿ ತಿರುಗಿಸುತ್ತಾರೆ ಅಂತ ನನ್ನ ಸಹೋದ್ಯೋಗಿಗಳು ಎಚ್ಚರಿಸಿದ್ದರು. ಅವರ ಮಾತಿನಲ್ಲೂ ಹುರುಳಿದೆ. ಆದರೆ ಆ ಮಾತು ಹೇಳದೆ ಅವರ ಮನೆಯ ಹೊಸ್ತಿಲು ದಾಟಲು ನನಗೆ ಆಗುತ್ತಿರಲಿಲ್ಲ.

ಅವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಂಡಕ್ಕಿ, ಚಹಾ ಬಂತು. ಚಹಾದ ಜೊತೆ ನಿಜವಾದ ವಿಷಯವೂ ಬಂತು. ಅವರ ಸ್ವಂತ ಹೊಲಕ್ಕೆ ಬೇಕಾದದ್ದು ವರ್ಷಕ್ಕೆ ನಾಲ್ಕೈದು ಟ್ರ್ಯಾಕ್ಟರ್ ಬೂದಿ ಅಷ್ಟೇ. ಜೆಸಿಬಿ ತಂದವನು ಪಕ್ಕದ ಪಟ್ಟಣದ ಒಬ್ಬ ಗುತ್ತಿಗೆದಾರ. ಲೋಡಿಗೆ ಇಷ್ಟು ಅಂತ ಕೊಟ್ಟು, ಕಾಲುವೆ ಬದಿಯ ಹೊಲಗಳಿಗೂ ಹೊಸ ಮನೆಗಳ ಪಾಯ ತುಂಬಲೂ ಮಾರುತ್ತಿದ್ದ. ಯಜಮಾನರು ಒಪ್ಪಿದ್ದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇತ್ತು. ದಿಬ್ಬದ ಕಡೆಯ ನೆಲ ಎತ್ತರ, ನೀರು ಹತ್ತುವುದಿಲ್ಲ, ಸಮ ಮಾಡಿಸಿದರೆ ಮೆಣಸಿನಕಾಯಿ ಹಾಕಬಹುದು ಅನ್ನೋ ಲೆಕ್ಕ.

ಅವರ ಇನ್ನೊಂದು ಭಯವೂ ಅವತ್ತು ಗೊತ್ತಾಯಿತು. “ಮುನ್ನೂರು ಮೀಟರ್ ಒಳಗ ಯಾರೂ ಉಳಿಯಂಗಿಲ್ಲಂತೆ, ಊರೇ ಎತ್ತಂಗಡಿ ಮಾಡ್ತಾರಂತೆ” ಅಂತ ಸುದ್ದಿ ಹಬ್ಬಿತ್ತು. ಸುಮ್ನೆ ಹುಟ್ಟಿದ ಸುದ್ದಿ ಅಲ್ಲ ಅದು. 2011ರಲ್ಲಿ ಹಂಪಿ ಬಜಾರಿನಲ್ಲಿ ಮನೆ, ಅಂಗಡಿಗಳನ್ನು ತೆರವು ಮಾಡಿದ್ದನ್ನು ಆ ಭಾಗದ ಜನ ಮರೆತಿಲ್ಲ. ನೀಲಿ ಬೋರ್ಡು ಅಂದರೆ ಬುಲ್ಡೋಜರ್ ಬರುವ ಮುನ್ಸೂಚನೆ ಅಂತಲೇ ಅವರು ಓದಿಕೊಂಡಿದ್ದರು. ಬೂದಿ ಖಾಲಿಯಾದರೆ ಬೋರ್ಡಿಗೂ ಕೆಲಸ ಇರುವುದಿಲ್ಲ ಅಂತ ಲೆಕ್ಕ ಹಾಕಿದವರೂ ಊರಿನಲ್ಲಿ ಇದ್ದರು.

ಅದಕ್ಕೇ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಒಂದು ಸಂಜೆ ಎಲ್ಲರ ಮುಂದೆ ಕೂತು ಕಾಯ್ದೆಯನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಇರುವ ಮನೆಯ ರಿಪೇರಿಗೆ ಅನುಮತಿ ಕೇಳಬಹುದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ಊರಿನ ಹೆಚ್ಚಿನ ಮನೆಗಳು ಈ ಗೆರೆಗಳ ಆಚೆಗಿವೆ ಅಂತ ಅಳತೆಯ ನಕ್ಷೆ ಹರಡಿ ತೋರಿಸಿದೆ. ಆಮೇಲೆ 19ನೇ ಕಲಮನ್ನು ಓದಿದೆ. ಸಂರಕ್ಷಿತ ಪ್ರದೇಶದಲ್ಲಿ ಕಟ್ಟೋದು, ಅಗೆಯೋದು, ಗಣಿಗಾರಿಕೆ ಎಲ್ಲ ನಿಷೇಧ ಅಂತ ಹೇಳಿದ ಮೇಲೆ ಅದೇ ಕಲಮು ಇನ್ನೊಂದು ಮಾತು ಹೇಳುತ್ತದೆ. ಬೇಸಾಯ ಮಾಡಬಹುದು, ಒಂದು ಅಡಿಗಿಂತ ಆಳ ಅಗೆಯುವಂತಿಲ್ಲ.

ಈ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೆ ಇದು ರೈತನಿಗೆ ಹೇಳಬೇಕಾದ ಮೊದಲ ಸಾಲು ಅಂತ ತಲೆಗೆ ಹೋಗಿರಲಿಲ್ಲ. ಸಂರಕ್ಷಿತ ಜಾಗದೊಳಗೇ ನೇಗಿಲಿಗೆ ಅವಕಾಶ ಇದೆ ಅಂದ ಮೇಲೆ ಪಕ್ಕದ ಪಟ್ಟಾ ಹೊಲದಲ್ಲಿ ಬಿತ್ತೋದಕ್ಕೆ ಹೆದರುವುದು ಏನಿದೆ? ಕಟ್ಟೆಯ ಮೇಲೆ ಯಾರೋ ಒಬ್ಬರು, “ಅಂದ್ರ ಕುಂಟಿ ಹೊಡೀಬೌದು, ಜೆಸಿಬಿ ಹಚ್ಚಂಗಿಲ್ಲ, ಅಷ್ಟೇ ಅಲ್ಲನು?” ಅಂದರು. ಹೌದು, ಅಷ್ಟೇ. ನಾನು ಒಂದು ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲಿನಿಂದ ನಾನೂ ಎಲ್ಲ ಊರಲ್ಲಿ ಅದೇ ಮಾತು ಬಳಸುತ್ತೇನೆ.

ಗೊಬ್ಬರದ ಪ್ರಶ್ನೆ ಉಳಿದಿತ್ತು. ಊರ ಕೆರೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತುವ ಕೆಲಸ ಆ ವರ್ಷ ಇತ್ತು. ಪಂಚಾಯ್ತಿಯ ಪಿಡಿಒ ಜೊತೆ ಮಾತಾಡಿ, ದಿಬ್ಬದ ಸುತ್ತಲಿನ ಹೊಲದವರಿಗೆ ಹೂಳು ಮೊದಲು ಸಿಗುವ ಹಾಗೆ ಮಾಡಿದೆವು. ಎಲ್ಲರೂ ತಗೊಂಡರು ಅಂತ ಹೇಳಲಾರೆ. ಕೆರೆ ದೂರ, ಸಾಗಿಸುವ ಖರ್ಚು ಅವರದೇ. ಯಜಮಾನರು ತಗೊಂಡರು, ಅವರನ್ನು ನೋಡಿ ಇನ್ನು ಕೆಲವರು ತಗೊಂಡರು.

ಗೊರಸು

ಇದೇ ಹೊತ್ತಿಗೆ ನಾವು ಜೆಸಿಬಿ ಕೊರೆದ ಗೋಡೆಯನ್ನು ದಾಖಲು ಮಾಡುತ್ತಿದ್ದೆವು. ಹಾಳಾದದ್ದು ಹಾಳಾಯಿತು, ಕಾಣುತ್ತಿರೋದನ್ನಾದರೂ ಬರೆದಿಡೋಣ ಅಂತ. ಕರಣಿಯಿಂದ ಕೆರೆದು ಸ್ವಚ್ಛ ಮಾಡಿ, ಪದರ ಒಂದೊಂದಕ್ಕೂ ನಂಬರು ಕೊಟ್ಟು, ಅಳತೆಗೆ ಸರಿಯಾಗಿ ಚಿತ್ರ ಬರೆದು, ಬೂದಿ ಮತ್ತು ಇದ್ದಿಲಿನ ಮಾದರಿ ತೆಗೆದೆವು. ಬುಡದಲ್ಲಿ ಜೆಸಿಬಿಯ ಬಕೆಟ್ ಒಂದು ಪದರವನ್ನು ಚಪ್ಪಟೆಯಾಗಿ ಕಿತ್ತಿತ್ತು. ಅದರ ಕೆಳಗಿನ ನೆಲ ಮಂಚದಷ್ಟು ಅಗಲ ತೆರೆದುಕೊಂಡಿತ್ತು, ಅದರ ತುಂಬ ಸಣ್ಣ ಸಣ್ಣ ತಗ್ಗು. ನಾವು ಮೂವರು ಅದರ ಸುತ್ತ ಕೂತು ಗೊರಸೋ ಅಲ್ಲವೋ ಅಂತ ಚರ್ಚೆ ಮಾಡುತ್ತಿದ್ದೆವು. ಅಲ್ಲೇ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ಬಂದು ಬಗ್ಗಿ ನೋಡಿದರು.

“ಗೊರಸ ಯವ್ವಾ. ದನದ್ದು. ಇಲ್ಲಿ ನೋಡು, ಕರುಂದೂ ಐತೆ.”

“ಎಲ್ಲ ಒಂದೇ ಕಡೆ ಯಾಕೆ ತುಳಿದಾವೆ ತಾತ?”

“ದೊಡ್ಡಿ ಬಾಗಿಲ ಇದ್ದೀತು. ಬಾಗಿಲ ಹತ್ರಾನೇ ಹಿಂಗ ಒತ್ತಿಕ್ಯಂಡು ನಿಂದ್ರತಾವ.”

ಅದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಅವರ ಮಾತಿನಲ್ಲೇ ಬರೆದುಕೊಂಡೆ. ಅಲ್ಲಿ ಬಾಗಿಲಿತ್ತು ಅಂತ ವರದಿಯಲ್ಲಿ ಬರೆಯಲಿಲ್ಲ. ಕಂಬದ ಕುಳಿ ಕಾಣಬೇಕು, ಅದಕ್ಕೆ ಅನುಮತಿ ಪಡೆದು ಕ್ರಮವಾಗಿ ಅಗೆಯಬೇಕು, ಅದು ಬೇರೆ ಕೆಲಸ. ಆದರೆ ತಾತನ ಮಾತು ಸಂಜೆಯೊಳಗೆ ಊರು ಸುತ್ತಿತ್ತು. ಮಾರನೇ ದಿನ ಹೆಂಗಸರು, ಮಕ್ಕಳು ಗೊರಸು ನೋಡಲು ಬಂದರು. ವಾಲಿಯ ಕಥೆಯನ್ನು ಯಾರೂ ಬಿಟ್ಟುಕೊಡಲಿಲ್ಲ, ನಾನೂ ಬಿಡಿ ಅನ್ನಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಕಥೆ ಬಂದು ಕೂತಿತು, ಅಷ್ಟು ವರ್ಷದ ಹಿಂದೆಯೂ ಇಲ್ಲಿ ನಮ್ಮಂಗೇ ದನ ಕಟ್ಟೋರು ಇದ್ದರು ಅಂತ.

ಎರಡು ನಿರ್ಧಾರ

ಮೊದಲನೆಯದು ‘ಗ’ ನಂಬರಿನದು. ಅದರಲ್ಲಿರುವ ಭಾಗವನ್ನೂ ಘೋಷಣೆಗೆ ಸೇರಿಸಬೇಕಾ? ಸೇರಿಸಲೇಬೇಕು ಅನ್ನುವವರು ನಮ್ಮಲ್ಲೇ ಇದ್ದರು. ಕಾಯ್ದೆಯ ಪ್ರಕಾರ ಎರಡು ತಿಂಗಳ ಮುನ್ಸೂಚನೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ ಘೋಷಣೆ. ಅದು ಮುಗಿಯುವುದರೊಳಗೆ ಬೂದಿ ಉಳಿಯುತ್ತದಾ ಅನ್ನೋದು ನನ್ನ ಚಿಂತೆ. ಅದಕ್ಕಿಂತ, ಈಗಷ್ಟೇ ಮಾತಿಗೆ ಬಂದ ಮನುಷ್ಯನ ಕೈಗೆ ಇನ್ನೊಂದು ನೋಟಿಸು ಕೊಟ್ಟರೆ ಕಟ್ಟೆಯ ಮೇಲೆ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ‘ಕ’ದ ಗಡಿಯನ್ನು ಕಲ್ಲಿನಲ್ಲಿ ಗಟ್ಟಿ ಮಾಡಿದರೆ ಅಲ್ಲಿಂದ 100 ಮೀಟರ್ ಅಳೆದು ತೋರಿಸಬಹುದು, ‘ಗ’ದ ದಿಬ್ಬ ಪೂರ್ತಿ ಅದರೊಳಗೆ ಬರುತ್ತದೆ. ಸದ್ಯಕ್ಕೆ ಅಷ್ಟು ಸಾಕು, ಸೇರಿಸುವ ಪ್ರಸ್ತಾವನೆಯನ್ನು ಯಜಮಾನರಿಗೆ ತಿಳಿಸಿಯೇ ಆಮೇಲೆ ಕಳಿಸೋಣ ಅಂತ ಬರೆದೆ. ಇದು ಸರಿಯಾ ಅಂತ ಈಗಲೂ ವಾದ ಮಾಡುವವರು ಇದ್ದಾರೆ. ಅವರ ಭಯ ಪೂರ್ತಿ ಸುಳ್ಳೂ ಆಗಲಿಲ್ಲ, ಮುಂದೆ ಹೇಳುತ್ತೇನೆ.

ಎರಡನೆಯದು ಬೇಲಿ. ಮಂಜೂರಾದ ಅಂದಾಜುಪಟ್ಟಿಯಲ್ಲಿ ದಿಬ್ಬದ ಸುತ್ತ ಕಂಬ ನೆಟ್ಟು ಜಾಲರಿ ಹಾಕೋದು ಅಂತ ಇತ್ತು, ಒಂದೊಂದು ಕಂಬಕ್ಕೂ ಎರಡೂವರೆ ಅಡಿ ಗುಂಡಿ. ನಕ್ಷೆಯ ಮೇಲೆ ಗುಂಡಿಗಳನ್ನು ಗುರುತು ಮಾಡಿ ನೋಡಿದೆ. ಪೂರ್ವದ ಬದಿಯ ಗುಂಡಿಗಳೆಲ್ಲ ಮಡಕೆ ಚೂರು ಸಿಗುತ್ತಿದ್ದ ಜಾಗದಲ್ಲೇ ಬೀಳುತ್ತಿದ್ದವು. ಬೂದಿಹಾಳದ ಉದಾಹರಣೆ ಗೊತ್ತಿರುವವರಿಗೆ ಅರ್ಥ ಆಗುತ್ತದೆ, ಜನ ಬಾಳಿದ ಜಾಗ ದಿಬ್ಬದ ಪಕ್ಕದಲ್ಲಿ ಇರುತ್ತದೆ. ರೈತನಿಗೆ ಒಂದು ಅಡಿ ದಾಟಬೇಡ ಅಂತ ಹೇಳಿದ ನಾವೇ ಅಲ್ಲಿ ಸಾಲಾಗಿ ಗುಂಡಿ ತೋಡುವುದಾ? ಅಂದಾಜುಪಟ್ಟಿಯನ್ನು ವಾಪಸ್ ಕಳಿಸಿದೆ. ಹಣ ಆ ವರ್ಷ ಲ್ಯಾಪ್ಸ್ ಆಗುವ ಹಂತಕ್ಕೆ ಬಂತು, ಮೇಲಿನಿಂದ ಮಾತು ಕೇಳಬೇಕಾಯಿತು. ಕೊನೆಗೆ ರಸ್ತೆ ಬದಿ ಮಾತ್ರ ಬೇಲಿ, ಉಳಿದ ಕಡೆ ಮೂಲೆಗಳಲ್ಲಿ ಗಡಿಕಲ್ಲು ಅಂತ ಆಯಿತು. ಕಲ್ಲು ನೆಡುವ ಒಂದೊಂದು ಗುಂಡಿಯನ್ನೂ ನಾವೇ ಕೈಯಲ್ಲಿ ಅಗೆದು, ಮಣ್ಣು ಜರಡಿ ಹಿಡಿದು, ನೋಡಿ ಮುಚ್ಚಿದೆವು. ಕುರಿಗಳು ಹೋಗುವ ದಾರಿಯನ್ನು ಹಾಗೇ ಬಿಟ್ಟೆವು.

ಏನಾಯಿತು, ಏನು ಕಲಿತೆ

‘ಕ’ ನಂಬರಿನ 11ನೇ ಕಾಲಂನಲ್ಲಿ ಈಗ ಸಂರಕ್ಷಿತ ಜಾಗ ಅಂತ ಬರೆದಿದೆ. ತಹಶೀಲ್ದಾರರಿಗೆ ಪತ್ರ ಬರೆದ ದಿನದಿಂದ ಆ ಸಾಲು ಪಹಣಿಯಲ್ಲಿ ಕಾಣುವ ತನಕ ಒಂದು ವರ್ಷದ ಮೇಲೆ ಹಿಡಿಯಿತು. ನನ್ನ ಕೈಯಲ್ಲಿದ್ದ ಉಳಿದ ಜಾಗಗಳ ಪಹಣಿಗಳನ್ನೂ ಆಗ ತೆಗೆಸಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಜಾಗಗಳಲ್ಲಿ ಇದೇ ಕಥೆ. ಹೊಸದಾಗಿ ಒಂದು ಕಡೆಗೆ ವರ್ಗವಾದವರು ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸ ಇದು ಅಂತ ನಾನು ನಂಬಿದ್ದೇನೆ: ಘೋಷಣೆ, ಟಿಪ್ಪಣಿ, ಪಹಣಿ ಮೂರನ್ನೂ ಪಕ್ಕದಲ್ಲಿಟ್ಟು ಜಾಗಕ್ಕೆ ಹೋಗಿ ನಿಲ್ಲುವುದು. ದೂರು ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಗಡಿ ಎಲ್ಲಿ, ಬೂದಿ ಯಾರಿಗೆ ಹೋಗುತ್ತಿದೆ ಅನ್ನೋ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಕೊಡಿ. ನನ್ನ ಮೊದಲ ದೂರಿನಲ್ಲಿ ಎರಡೂ ಇರಲಿಲ್ಲ, ಅದಕ್ಕೇ ಅದು ತಪ್ಪು ಮನುಷ್ಯನ ಮೇಲೆ ಬಿತ್ತು.

ಗಡಿಕಲ್ಲು ನೆಡುವ ಮೊದಲು, ಒಂದು ಅಮಾವಾಸ್ಯೆಯ ಆಸುಪಾಸಿನಲ್ಲಿ ಎರಡು ರಾತ್ರಿ ಅದೇ ಗುತ್ತಿಗೆದಾರ ಮತ್ತೆ ಬಂದ. ವಾಯವ್ಯದ ಮೂಲೆಯಲ್ಲಿ ದೊಡ್ಡ ಭಾಗ ಹೋಯಿತು. ಯಜಮಾನರು ಮದುವೆಗೆ ಅಂತ ಪರ ಊರಿಗೆ ಹೋಗಿದ್ದರು. ‘ಗ’ವನ್ನು ಮೊದಲೇ ಘೋಷಣೆಗೆ ಸೇರಿಸಲು ಹೊರಟಿದ್ದರೆ ಇದು ತಪ್ಪುತ್ತಿತ್ತಾ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಈ ಸಲ ಫೋನ್ ಮಾಡಿದ್ದು ಕಾವಲುಗಾರರಲ್ಲ, ಕಟ್ಟೆಯ ಮೇಲೆ ಕುಂಟಿ ಮಾತು ಹೇಳಿದವರು. ಗಾಡಿಯ ನಂಬರು, ಬಂದ ಹೊತ್ತು ಎಲ್ಲ ಬರೆದಿಟ್ಟಿದ್ದರು. ದೂರಿನ ಜೊತೆ ಸರ್ವೆ ನಕ್ಷೆ, ಅಳತೆಯ ಪಂಚನಾಮೆ, ಮುಂಚಿನ ಮತ್ತು ಈಗಿನ ಫೋಟೋ ಎಲ್ಲ ಹೋದವು. ಪಿಎಸ್‌ಐ ಗಡಿ ಕೇಳಲಿಲ್ಲ. ದೋಷಾರೋಪ ಪಟ್ಟಿ ಆಗಿದೆ, ಮೊಕದ್ದಮೆ ನಡೆಯುತ್ತಿದೆ.

ಯಜಮಾನರ ಎತ್ತರದ ನೆಲಕ್ಕೆ ಇನ್ನೂ ನೀರು ಹತ್ತಿಲ್ಲ. ಅಲ್ಲಿ ಅವರು ಸಜ್ಜೆ, ಹುರುಳಿ ಹಾಕುತ್ತಾರೆ, ಮೆಣಸಿನಕಾಯಿಯ ಆಸೆ ಬಿಟ್ಟಿಲ್ಲ. ಕೊರೆದ ಗೋಡೆ ಪ್ರತಿ ಮಳೆಗಾಲ ಒಂದಿಷ್ಟು ಜಾರುತ್ತದೆ. ಮರಳು ಚೀಲ ಒಟ್ಟಿ, ಗೊರಸಿನ ನೆಲದ ಮೇಲೆ ಮೆತ್ತನೆ ಮಣ್ಣು ಹರಡಿ ಮುಚ್ಚಿದ್ದೇವೆ. ನನಗೆ ವರ್ಗವಾದ ಮೇಲೆ ಒಂದು ಸಲ ಮಾತ್ರ ಹೋಗಿದ್ದೆ, ಮೊನ್ನೆ ಮಳೆ ಶುರುವಾಗುವ ಮೊದಲು. ದಕ್ಷಿಣದ ಸಾಲಿನಲ್ಲಿ ಎರಡು ಚೀಲ ಒಡೆದಿದ್ದವು. ತಾತ ಅಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದರು, “ಚೀಲ ಹರಿದಾವ ಯವ್ವಾ, ಈಗಿರೋ ಸಾಹೇಬ್ರಿಗೆ ಹೇಳು” ಅಂದರು. ಅಲ್ಲಿಂದಲೇ ಫೋನ್ ಮಾಡಿದೆ.